ಬಾಲದ ಬ

ನನಗೊಂದು ಮೂಗಿದೆ ಎಂಬುದು ಹದಿನಾಲ್ಕನೆಯ ವಯಸ್ಸಿನಿಂದ ಒಂದು ದಿನವೂ ಮರೆತುಹೋದದ್ದಿಲ್ಲ. ಪುಣ್ಯವಂತರಿಗೆ ಅದು ಮರೆತಿರುತ್ತದೆ. ಅವರು ಉಂಡು, ಮಲಗಿ, ಎದ್ದು, ಮೂಗಿನ ಗೊಡವೆಯೇ ಇಲ್ಲದೆ ಆಯುಷ್ಯ ಕಳೆಯುತ್ತಾರೆ. ನಾನು ಎದ್ದ ಕೂಡಲೇ ಹದಿನೈದು ಇಪ್ಪತ್ತು ಸಲ ಸೀನಬೇಕು. ಆಮೇಲೆ ಕಣ್ಣು ಒರೆಸಬೇಕು, ಆಮೇಲೆ ಮೂಗು. ಅಷ್ಟಾದ ಮೇಲೆ ಮೂಗು ಬಾಗಿಲು ಹಾಕಿಕೊಂಡಿತೆಂದರೆ ಮರುದಿನದ ತನಕ ತೆರೆಯುತ್ತಿರಲಿಲ್ಲ. ಎದುರುಮನೆಯ ವಕೀಲರ ಗುಮಾಸ್ತರು ಕೋರ್ಟಿಗೆ ಹೊರಡುವ ಮುಂಚೆ ನಮ್ಮ ಕಿಟಕಿಯ ಕಡೆ ಕಿವಿಗೊಟ್ಟು ನಿಲ್ಲುತ್ತಿದ್ದರು. "ಅಕ್ಕಾರದು ಮುಗೀತೇನ್ರಿ?" ಎಂದು ನನ್ನ ತಾಯಿಯನ್ನು ಕೇಳಿ, ಮುಗಿಯಿತು ಎಂದ ಮೇಲೆಯೇ ಹೊಸ್ತಿಲು ದಾಟುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕಾರು ಎನ್ನುತ್ತಾರೆ. ಹೊರಡುವಾಗ ಯಾರಾದರೂ ಸೀನಿದರೆ ಹೋದ ಕೆಲಸ ಕೆಡುತ್ತದೆಂದು ಅವರ ನಂಬಿಕೆ. ಹೀಗಾಗಿ ಅವರು ಸೋತ ಮೊಕದ್ದಮೆಗಳೆಲ್ಲ ನನ್ನ ತಲೆಗೆ ಬಂದವು.

ಧಾರವಾಡದಲ್ಲಿ ನೆಗಡಿಗೆ ಔಷಧ ಹೇಳದವರು ಯಾರೂ ಇರಲಿಲ್ಲ. ಅಜವಾನ ಹುರಿದು ಅರಿವೆಯಲ್ಲಿ ಕಟ್ಟಿ ಮೂಸಿದೆ. ಅರಿಷಿಣದ ಕೊಂಬು ಸುಟ್ಟು ಹೊಗೆ ಎಳೆದುಕೊಂಡೆ. ಆಕಳ ತುಪ್ಪ ಬೆಚ್ಚಗೆ ಮಾಡಿ ಹೊಳ್ಳೆಗೆ ಬಿಟ್ಟುಕೊಂಡೆ, ಅದು ಗಂಟಲಿಗೆ ಇಳಿದು ಎರಡು ದಿನ ಊಟ ಕೆಡಿಸಿತು. ಒಬ್ಬರು ಮೊಸರು ಬಿಡು ಎಂದರು, ಒಬ್ಬರು ತಲೆಯ ಮೇಲೆ ನೀರು ಹಾಕಿಕೊಳ್ಳುವುದು ಬಿಡು ಎಂದರು, ಇನ್ನೊಬ್ಬರು ಲಗ್ನ ಮಾಡಿಕೋ, ತಾನಾಗಿ ಹೋಗುತ್ತದೆ ಎಂದರು. ಬಿಡು ಎಂದದ್ದನ್ನೆಲ್ಲ ಬಿಟ್ಟೆ. ಮಾಡಿಕೋ ಎಂದದ್ದನ್ನು ಮಾತ್ರ ಮಾಡಿಕೊಳ್ಳಲಿಲ್ಲ. ಮೂಗು ಇದ್ದ ಹಾಗೆಯೇ ಇತ್ತು. ಬಾಯಿಂದ ಉಸಿರಾಡಿ ಆಡಿ ನಾಲಿಗೆ ಒಣಗುತ್ತಿತ್ತು, ನಿದ್ದೆ ಅರ್ಧಕ್ಕೆ ಹರಿಯುತ್ತಿತ್ತು, ಹಗಲೆಲ್ಲ ಹಣೆಯ ಮೇಲೆ ಯಾರೋ ಅಂಗೈ ಒತ್ತಿ ನಿಂತಂತಿರುತ್ತಿತ್ತು. ಇಪ್ಪತ್ತಾರನೆಯ ವಯಸ್ಸಿಗೆ ನಾನು ಅರವತ್ತರವಳ ಹಾಗೆ ದಣಿದಿದ್ದೆ. ಜನ ಅದನ್ನು ಗತ್ತು ಎಂದುಕೊಂಡರು.

ಆಗ ನಮ್ಮನ್ನು ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿಸಿ ಎರಡು ಮೂರು ವರ್ಷವಾಗಿತ್ತು. ಊರಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಒಂದನೆಯ ಇಯತ್ತೆ, ಅಂದರೆ ಒಂದನೆಯ ತರಗತಿ, ಕೊಟ್ಟಿದ್ದರು. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ತಂದೆ ತೀರಿಕೊಂಡಿದ್ದರು. ಮನೆಯಲ್ಲಿ ನಾನು ಮತ್ತು ತಾಯಿ ಇಬ್ಬರೇ. ಖಡುವಿನ, ಅಂದರೆ ಸೀಮೆಸುಣ್ಣದ, ಧೂಳಿನಲ್ಲಿ ದಿನಕ್ಕೆ ಐದು ತಾಸು ನಿಲ್ಲುವ ಕೆಲಸ ಈ ಮೂಗಿನವಳಿಗೆ ಹೇಳಿ ಮಾಡಿಸಿದ್ದಲ್ಲ ಎಂದು ನನಗೂ ಗೊತ್ತಿತ್ತು. ಆದರೆ ಅಕ್ಷರ ಕಲಿಸುವುದೊಂದೇ ನನಗೆ ಬರುತ್ತಿದ್ದ ಕೆಲಸ, ನನಗೆ ಅದು ಇಷ್ಟವೂ ಇತ್ತು.

ಪುಸ್ತಕದ ಕನ್ನಡದ ಬಗ್ಗೆ ನನಗೆ ಬಲು ಬಿಗುಮಾನ. ಮಕ್ಕಳು ಮನಿ ಎಂದರೆ ಮನೆ ಎಂದು ತಿದ್ದುತ್ತಿದ್ದೆ, ಸಾಲಿ ಎಂದರೆ ಶಾಲೆ ಎಂದು ತಿದ್ದುತ್ತಿದ್ದೆ. "ಓಣ್ಯಾಗ ಆಡೋದು ಬ್ಯಾರೆ, ಪುಸ್ತಕದ್ದು ಬ್ಯಾರೆ. ನಾ ಹೆಂಗ ಅಂತೀನಿ ಹಂಗ ಅನ್ರಿ," ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದೆ. ನಾನು ಹೇಗೆ ಅನ್ನುತ್ತಿದ್ದೆ ಎಂಬುದು ನನಗೇ ಗೊತ್ತಿರಲಿಲ್ಲ. ಮೂಗು ಪೂರ್ತಿ ಕಟ್ಟಿದವರು ಒಮ್ಮೆ ಮ ಎಂದು ನೋಡಬೇಕು. ತುಟಿ ಕೂಡುತ್ತದೆ, ದನಿ ಮೂಗಿಗೆ ಹೋಗಿ ಬಾಗಿಲು ಬಡಿದು ವಾಪಸು ಬರುತ್ತದೆ, ಹೊರಗೆ ಬೀಳುವುದು ಬ. ನ ಎಂದರೆ ದ. ಮರ ಎನ್ನಲು ಹೋದರೆ ಬರ, ಮಳೆ ಎನ್ನಲು ಹೋದರೆ ಬಳೆ, ಮನೆ ಎನ್ನಲು ಹೋದರೆ ಬದೆ. ನನ್ನ ಕಿವಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಕೇಳುತ್ತಿತ್ತು, ಏಕೆಂದರೆ ಏನು ಹೇಳಬೇಕೆಂದಿದ್ದೇನೆ ಎಂಬುದು ನನಗೆ ಮೊದಲೇ ತಿಳಿದಿರುತ್ತಿತ್ತು. ತಾಯಿಗೆ ರೂಢಿಯಾಗಿತ್ತು. ಉಳಿದವರು "ಅಕ್ಕಾರು ಮೂಗಿನ್ಯಾಗ ಮಾತಾಡ್ತಾರ" ಎಂದು ಹಿಂದೆ ನಗುತ್ತಿದ್ದರು, ಮುಂದೆ ಬಂದು ಹೇಳುವ ಉಪಕಾರ ಯಾರೂ ಮಾಡಲಿಲ್ಲ.

ವರ್ಗದಲ್ಲಿ ಮೂವತ್ತು ಚಿಲ್ಲರೆ ಹುಡುಗಿಯರಿದ್ದರು. ಬಹಳ ಮಂದಿಗೆ ಮನೆಯಲ್ಲಿ ಅಣ್ಣನೋ ಅಕ್ಕನೋ ಮೊದಲೇ ಅಕ್ಷರ ತೋರಿಸಿರುತ್ತಿದ್ದರು. ನಾನು ಏನೇ ಅಂದರೂ ಅವರು ಮನೆಯಲ್ಲಿ ಕಲಿತದ್ದನ್ನೇ ಬರೆಯುತ್ತಿದ್ದರು. ಒಬ್ಬಳು ಮಾತ್ರ ಹಾಗಿರಲಿಲ್ಲ. ಹೆಬ್ಬಳ್ಳಿಯ ಹಾದಿಯ ಕಡೆ ಎಮ್ಮೆ ಕಟ್ಟಿಕೊಂಡಿದ್ದ, ಮನೆಮನೆಗೆ ಹಾಲು ಹಾಕುವವರ ಮಗಳು. ನಮ್ಮ ಮನೆಗೂ ಅವಳ ತಾಯಿಯೇ ಹಾಲು ತರುತ್ತಿದ್ದಳು. ಆ ಮನೆಯಲ್ಲಿ ಪಾಟಿ ಹಿಡಿದ ಮೊದಲ ಜೀವ ಅವಳು. ಏಳು ವರ್ಷದ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮುಂದಿನ ಸಾಲಿನಲ್ಲಿ ಕೂತು ನನ್ನ ಬಾಯನ್ನೇ ನೋಡುತ್ತಿದ್ದಳು. ಅವಳ ಮೈಗೆ ಎಮ್ಮೆಯ ವಾಸನೆ ಎಂದು ಉಳಿದವರು ಸರಿದು ಕೂಡುತ್ತಿದ್ದರು. ನನಗೆ ವಾಸನೆಯ ತಾಪತ್ರಯವೇ ಇರಲಿಲ್ಲ, ಹತ್ತಿರ ಕೂಡಿಸಿಕೊಳ್ಳುತ್ತಿದ್ದೆ. ಅದನ್ನು ಅವಳು ಪ್ರೀತಿ ಎಂದುಕೊಂಡಿರಬೇಕು.

ಒಂದು ದಿನ ಅವಳು ಪಾಟಿ ಹಿಡಿದುಕೊಂಡು ಬಂದಳು.

"ಅಕ್ಕಾರ, ಬ ಎಷ್ಟ ಅದಾವರಿ?"

"ಎರಡು. ಒಂದು ಬ, ಇನ್ನೊಂದು ಹೊಟ್ಟಿ ಸೀಳಿದ್ದು, ಭ."

"ಹಂಗಾರ ಇದು?" ಎಂದು ಪಾಟಿಯ ಮೇಲೆ ಮ ಬರೆದದ್ದನ್ನು ತೋರಿಸಿದಳು. ದುಂಡಗೆ, ಚೆನ್ನಾಗಿ ಬರೆದಿದ್ದಳು.

ನಾನು ಮ ಎಂದೆ. ನನ್ನ ಮಟ್ಟಿಗೆ ಮ ಎಂದೆ.

"ಅದ ಅಂತೀನ್ರಿ. ಮೂರ ಆದ್ವಲ್ಲ," ಎಂದಳು.

ಅವಳ ಬಾಯಲ್ಲಿ ಮೂರು ಎಂಬುದು ಎಷ್ಟು ಸ್ವಚ್ಛವಾಗಿ ಬಂತು ಎಂದು ಈಗ ನೆನಪಾಗುತ್ತದೆ. ಆ ದನಿ ಅವಳಲ್ಲಿ ಇತ್ತು, ಅದಕ್ಕೊಂದು ಅಕ್ಷರ ಇದೆ ಎಂದು ಅವಳಿಗೆ ಹೇಳಿದವರಿರಲಿಲ್ಲ. ಹೇಳಬೇಕಾದವಳು ನಾನು. ಅವತ್ತು ಬೆಳಿಗ್ಗೆಯಿಂದ ತಲೆ ಸಿಡಿಯುತ್ತಿತ್ತು. "ತಲಿ ತಿನಬ್ಯಾಡ, ಹೋಗಿ ಕೂಡು," ಎಂದೆ. ಅವಳು ಹೋಗಿ ಕೂತು ತನ್ನ ಪಾಡಿಗೆ ತಾನು ಒಂದು ದಾರಿ ಮಾಡಿಕೊಂಡಳು. ಒಂದು ಬರೇ ಬ, ಒಂದು ಹೊಟ್ಟಿ ಸೀಳಿದ ಬ, ಒಂದು ಬಾಲದ ಬ. ಪಕ್ಕದವಳಿಗೆ ಅದನ್ನು ಹೇಳಿಕೊಡುವುದನ್ನು ಒಮ್ಮೆ ಕೇಳಿಸಿಕೊಂಡೆ ಕೂಡ. ಹುಡುಗರ ಆಟ ಎಂದು ನಕ್ಕು ಸುಮ್ಮನಾದೆ. ಮನೆಯಲ್ಲಿ ಆಡುವುದು ಮನಿ, ಪುಸ್ತಕದ ಶುದ್ಧ ಮಾತು ಬದೆ ಎಂದು ಅವಳು ತಿಳಿದುಕೊಂಡಿದ್ದಳು. ನಾ ಅಂದ ಹಾಗೆ ಅನ್ನು ಎಂದು ಹೇಳಿದ್ದೆನಲ್ಲ, ಇಡೀ ವರ್ಗದಲ್ಲಿ ಆ ಮಾತು ಪಾಲಿಸಿದವಳು ಅವಳೊಬ್ಬಳೇ.

ಶಿವರಾತ್ರಿಯ ಸುಮಾರಿಗೆ ದೀಪೋಟಿ ಸಾಹೇಬರು ತಪಾಸಣೆಗೆ ಬಂದರು. ಶಾಲೆ ತಪಾಸಿಸುವ ಅಧಿಕಾರಿಗೆ ನಮ್ಮ ಕಡೆ ಹಾಗೆ ಕರೆಯುವುದು. ಕರಿ ಟೋಪಿ, ಕೋಟು, ಕೈಯಲ್ಲಿ ಬೆತ್ತ. ಕೆಟ್ಟ ಮನುಷ್ಯ ಅಲ್ಲ, ಅವಸರದ ಮನುಷ್ಯ. ಹಲಗೆಯ ಮೇಲೆ ತಾವೇ ಮ ಬರೆದು ಮುಂದಿನ ಸಾಲಿನ ಕಡೆ ಬೆತ್ತ ತೋರಿಸಿದರು. ಹಾಲಿನವರ ಹುಡುಗಿ ಎದ್ದು ನಿಂತಳು. ಕಣ್ಣು ಮಿನುಗುತ್ತಿದ್ದವು, ಗೊತ್ತಿರುವ ಪ್ರಶ್ನೆ ಬಂದಿತ್ತು.

"ಬಾಲದ ಬ ರೀ," ಎಂದಳು.

ಹಿಂದಿನ ಸಾಲಿನಲ್ಲಿ ನಗು ಎದ್ದಿತು. ಸಾಹೇಬರು ಹುಬ್ಬೇರಿಸಿ ಹಲಗೆಯ ಮೇಲೆ ಮರ ಎಂದು ಬರೆದರು. ಅವಳು ಬರ ಎಂದು ಓದಿದಳು. ಮನೆ ಎಂದು ಬರೆದರು. "ಬದೆ," ಎಂದಳು. ಆಮೇಲೆ ನನ್ನ ಕಡೆ ತಿರುಗಿ ನೋಡಿದಳು, ಸರಿ ಅಂದೆನಲ್ಲ ಎಂಬಂತೆ.

ಆ ಒಂದು ಕ್ಷಣದಲ್ಲಿ ನನಗೆ ಎಲ್ಲವೂ ತಿಳಿಯಿತು. ಅವಳ ಬಾಯಿಂದ ಬಂದದ್ದು ನನ್ನ ದನಿ. ಹನ್ನೆರಡು ವರ್ಷ ಇಡೀ ಊರು ಕೇಳಿದ್ದನ್ನು ನಾನು ಅವತ್ತು ಮೊದಲ ಸಲ ಕೇಳಿದೆ. 

"ಇಕಿಗೆ ಕಿವಿ ಕೇಳಸ್ತದೋ ಇಲ್ಲೋ?" ಎಂದು ಸಾಹೇಬರು ಕೇಳಿದರು. ನಾನು ಕರವಸ್ತ್ರ ಮೂಗಿಗೆ ಹಿಡಿದುಕೊಂಡು ನಿಂತಿದ್ದೆ. "ಮಂದ ಇದ್ದಾಳೇನ್ರಿ ಹುಡುಗಿ?"

ನನ್ನ ತಪ್ಪು ಎಂದು ಹೇಳಲು ಬಾಯಿ ತೆರೆದಿದ್ದರೆ ದದ್ದ ತಪ್ಪು ಎಂದು ಬರುತ್ತಿತ್ತು. ಅಷ್ಟು ಸಾಕಿತ್ತು, ಸಾಹೇಬರಿಗೆ ಬೇರೆ ಪುರಾವೆ ಬೇಕಿರಲಿಲ್ಲ. ಕಾಯಂ ಆಗದ ನೌಕರಿ, ಮನೆಯಲ್ಲಿ ತಾಯಿ, ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ನಾನು ಬಾಯಿ ತೆರೆಯಲಿಲ್ಲ. ಹೌದು ಎಂದು ಗೋಣು ಹಾಕಿದೆ. ಅವರು ತಪಾಸಣೆಯ ಪುಸ್ತಕದಲ್ಲಿ ಷರಾ ಬರೆದರು: ಬುದ್ಧಿ ಮಂದ, ಮುಂದಿನ ಇಯತ್ತೆಗೆ ಕಳಿಸತಕ್ಕದ್ದಲ್ಲ.

ಎಂಟು ದಿನದ ಮೇಲೆ ಅವಳ ತಂದೆ ಶಾಲೆಗೆ ಬಂದು ದೊಡ್ಡ ಅಕ್ಕಾರಿಂದ, ಅಂದರೆ ಮುಖ್ಯೋಪಾಧ್ಯಾಯಿನಿಯಿಂದ, ಆ ಷರಾ ಓದಿಸಿಕೊಂಡನಂತೆ. ಜಗಳ ಮಾಡಲಿಲ್ಲ. "ಮಂದ ಅಂದ ಮ್ಯಾಲ ಯಾಕ ಸುಮ್ಮನ ಕುಂದ್ರಸೂದು. ಎಮ್ಮಿ ನೋಡಿಕೋತಾಳ," ಎಂದು ಹೆಸರು ತೆಗೆಸಿ ಕರೆದುಕೊಂಡು ಹೋದ. ಅದರ ಮರುವಾರದಿಂದ ನಮ್ಮ ಮನೆಗೆ ಹಾಲು ತರುವುದಕ್ಕೆ ತಾಯಿಯ ಬದಲು ಮಗಳು ಬರತೊಡಗಿದಳು.

"ಅಕ್ಕಾರ, ಹಾಲು."

ದಿನಾ ಬೆಳಿಗ್ಗೆ ಅದೇ ಎರಡು ಶಬ್ದ. ನಾನು ಸೀನುತ್ತ ಬಾಗಿಲು ತೆಗೆಯುತ್ತಿದ್ದೆ. ಅವಳು ಸೀನು ನಿಲ್ಲುವ ತನಕ ಕಾದು, ಪಾತ್ರೆಗೆ ಹಾಲು ಸುರುವಿ, ಕೆಳಗಿಟ್ಟಿದ್ದ ಕೊಡವನ್ನು ಮತ್ತೆ ಸೊಂಟಕ್ಕೇರಿಸಿ ಹೋಗುತ್ತಿದ್ದಳು. ಸಿಟ್ಟಿನಿಂದ ನೋಡಿದ್ದರೆ ನನಗೆ ಹಗುರಾಗುತ್ತಿತ್ತು. ಅವಳಿಗೆ ನನ್ನ ಮೇಲೆ ಸಿಟ್ಟಿರಲಿಲ್ಲ, ತಾನು ಮಂದ ಎಂದು ಅವಳೂ ನಂಬಿದ್ದಳು. ನನ್ನ ತಾಯಿಗೆ ಎಲ್ಲ ಹೇಳಿದೆ. "ನೀ ಏನ ಮಾಡ್ತಿ, ಮೂಗು ಕಟ್ಟಿತ್ತು," ಎಂದು ಅವಳು ಹಾಲು ಕಾಸಲು ಹೋದಳು.

ಹುಡುಗಿಯ ಸಲುವಾಗಿ ಡಾಕ್ಟರ ಹತ್ತಿರ ಹೋದೆ ಎಂದರೆ ಕೇಳಲು ಚೆಂದ. ಖರೆ ಹೇಳಬೇಕೆಂದರೆ ಮುಂದಿನ ವರ್ಷದ ತಪಾಸಣೆಗೆ ಹೆದರಿ ಹೋದೆ. ಹುಬ್ಬಳ್ಳಿಯಲ್ಲಿ ಕಿವಿ ಮೂಗು ಗಂಟಲಿನ ಡಾಕ್ಟರೊಬ್ಬರಿದ್ದಾರೆ ಎಂದು ಯಾರೋ ಹೇಳಿದ್ದರು. ಬಸ್ಸಿನಲ್ಲಿ ಹೋದೆ. ಊರು ಹೊಕ್ಕ ಕೂಡಲೇ ಹತ್ತಿಯ ಜಿನ್ನಿನ ಗಿರಣಿಯ ಕಡೆಯಿಂದ ಹಾರಿ ಬರುವ ಅರಳೆಗೆ ಸೀನು ಶುರುವಾಯಿತು. ದವಾಖಾನೆಯ ಮೆಟ್ಟಿಲ ಮೇಲೆ ಹನ್ನೊಂದು ಸಲ ಸೀನಿದೆ. ಒಳಗಿದ್ದ ಡಾಕ್ಟರು, "ಬರ್ರಿ, ನಿಮ್ಮ ರೋಗ ನಿಮಗಿಂತ ಮೊದಲ ಬಂತು," ಎಂದರು.

ಅವರು ಒಂದು ತಣ್ಣನೆಯ ಹೊಳಪಿನ ಲೋಹದ ಪಟ್ಟಿಯನ್ನು ನನ್ನ ಮೂಗಿನ ಕೆಳಗೆ ಹಿಡಿದು ಉಸಿರು ಬಿಡಿ ಎಂದರು. ಸರಿಯಿದ್ದ ಮೂಗಿನಿಂದ ಎರಡು ಕಡೆ ಉಸಿರಿನ ಮಂಜು ಕೂಡಬೇಕಂತೆ. ನನ್ನದರಲ್ಲಿ ಪಟ್ಟಿ ಹಾಗೆಯೇ ಹೊಳೆಯುತ್ತಿತ್ತು. ಮಾಮಾ ಅನ್ನಿ ಎಂದರು. ಬಾಬಾ ಎಂದೆ. ಈಗ ನನಗೂ ಕೇಳಿಸಿತು.

"ಮಂದಿ ನಿಮಗ ಮೂಗಿನ್ಯಾಗ ಮಾತಾಡ್ತೀರಿ ಅಂತಿರಬೇಕು. ತಪ್ಪದು. ನೀವು ಮೂಗು ಬಿಟ್ಟು ಮಾತಾಡ್ತೀರಿ," ಎಂದರು.

ಮೊದಲು ಗುಳಿಗೆ ಕೊಟ್ಟರು. ಅದರಿಂದ ಸೀನು ಇಳಿಯಿತು, ಜೊತೆಗೆ ನಾನೂ ಇಳಿದೆ. ವರ್ಗದಲ್ಲಿ ಕುರ್ಚಿಯ ಮೇಲೆ ಕೂತಲ್ಲೇ ತೂಕಡಿಸಿದೆ. ನಡುವೆ ಔಷಧದ ಅಂಗಡಿಯವನು ಕೊಟ್ಟ ಮೂಗಿನ ಹನಿ ಬಿಟ್ಟುಕೊಂಡೆ. ಅರ್ಧ ತಾಸು ಸ್ವರ್ಗ. ಆಮೇಲೆ ಮೊದಲಿಗಿಂತ ಬಿಗಿಯಾಗಿ ಕಟ್ಟಿತು, ಮತ್ತೆ ಬಿಟ್ಟುಕೊಂಡೆ, ಮತ್ತೆ ಕಟ್ಟಿತು. ಡಾಕ್ಟರು ಆ ಬಾಟಲಿ ನೋಡಿ ನನ್ನ ಕೈಯಿಂದ ಕಸಿದುಕೊಂಡು ಕಸದ ಬುಟ್ಟಿಗೆ ಎಸೆದರು. ಕೊನೆಗೆ ಎಪ್ರಿಲ್ ತಿಂಗಳಲ್ಲಿ ಆಪರೇಷನ್ ಮಾತು ತೆಗೆದರು.

"ನಡುವಿನ ಎಲುವು ಸೊಟ್ಟ ಅದ. ಅದನ್ನ ನೆಟ್ಟಗ ಮಾಡ್ತೀನಿ. ಎರಡೂ ಕಡೆ ಮಾಂಸ ಬಾತದ. ಅದನ್ನ ಸ್ವಲ್ಪ ಸುಟ್ಟು ಸಣ್ಣ ಮಾಡ್ತೀನಿ. ಗಾಳಿ ಆಡ್ತದ," ಎಂದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಆದರ ಒಂದು ಮಾತು ಈಗ ಕೇಳಿಸಿಕೋರಿ, ಆಮ್ಯಾಲ ನನ್ನ ಬೈಬ್ಯಾಡ್ರಿ. ಚಾಕು ದಾರಿ ಮಾಡಿಕೊಡ್ತದ. ನಿಮ್ಮ ಮೂಗಿಗೆ ಧೂಳು ಆಗಿ ಬರೂದಿಲ್ಲ, ಅದು ಮೂಗಿನ ಸ್ವಭಾವ. ಸ್ವಭಾವ ಕೊಯ್ಯಾಕ ಚಾಕು ಇಲ್ಲ. ಸೀನು ಇರ್ತದ, ನೀರು ಸೋರೂದು ಇರ್ತದ. ಮಾಂಸ ಮತ್ತ ಬಾತರೂ ಬಾತೀತು."

"ಮ ಅನ್ನಾಕ ಬರ್ತದೇನ್ರಿ?" ಎಂದು ಕೇಳಿದೆ. ಅವರಿಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಕ್ಕಿಲ್ಲ. ಕನ್ನಡಕ ಮತ್ತೆ ಹಾಕಿಕೊಂಡು, "ಬರ್ತದ," ಎಂದರು.

ತಾಯಿಗೆ ಆಪರೇಷನ್ನಿಗಿಂತ ಅದರ ಹೆಸರಿನ ಹೆದರಿಕೆ ಹೆಚ್ಚಾಯಿತು. "ಮಾಸ್ತರತಿ ಮೂಗು ಕೊಯ್ಸಿಕೊಂಡ್ಲಂತ ಅಂತ ಓಣಿ ತುಂಬ ಆಗ್ತದ. ನಾ ಯಾವ ಮಾರಿ ಇಟಗೊಂಡು ನೀರಿಗೆ ಹೋಗ್ಲಿ?" ಎಂದಳು. ಎದುರುಮನೆಗೆ ದವಡೆಯ ಹಲ್ಲು ಕೀಳಿಸಲು ಹುಬ್ಬಳ್ಳಿಗೆ ಹೋಗುತ್ತೇವೆ ಎಂದು ಹೇಳಿ ಹೊರಡಿಸಿದಳು. ಮೂಗುಬಟ್ಟು ತೆಗೆದಿಡಬೇಕು ಎಂದು ನರ್ಸು ಅಂದಾಗ ತಾಯಿಯ ಕಣ್ಣಲ್ಲಿ ನೀರು ಬಂತು. ನನಗೆ ಅಳುವಷ್ಟು ತ್ರಾಣವೂ ಇರಲಿಲ್ಲ. ಕುತ್ತಿಗೆ ಕೊಯ್ಯುತ್ತೇವೆ ಎಂದಿದ್ದರೂ ಆಗಲಿ, ಲಗೂ ಮುಗಿಸಿರಿ ಎನ್ನುತ್ತಿದ್ದೆನೋ ಏನೋ.

ನನ್ನನ್ನು ಕುರ್ಚಿಯ ಮೇಲೆ ಕೂಡಿಸಿಯೇ ಮಾಡಿದರು. ಮೂಗಿನೊಳಗೆ ಔಷಧದಲ್ಲಿ ಅದ್ದಿದ ಹತ್ತಿ ತುಂಬಿದರು. ಕಹಿ ಗಂಟಲಿಗೆ ಇಳಿಯಿತು, ಮೇಲಿನ ತುಟಿ, ಮುಂದಿನ ಹಲ್ಲು ಎಲ್ಲ ನನ್ನವಲ್ಲದ ಹಾಗಾದವು. ನೋವು ಇರಲಿಲ್ಲ. ಸಪ್ಪಳ ಇತ್ತು. ಸಣ್ಣ ಉಳಿಯಿಂದ ಎಲುಬು ಕೆತ್ತುವ ಸಪ್ಪಳ ತಲೆಯ ಒಳಗಿನಿಂದಲೇ ಬರುತ್ತಿತ್ತು, ಗೋಡೆಯ ಆ ಕಡೆ ಯಾರೋ ತೆಂಗಿನಕಾಯಿ ಒಡೆಯುತ್ತಿದ್ದ ಹಾಗೆ. ಆಮೇಲೆ ಮಾಂಸ ಸುಟ್ಟರು. ಕಣ್ಣ ಮೇಲಿನ ಬಟ್ಟೆ ತುಸು ಜಾರಿದ್ದರಿಂದ ನನ್ನದೇ ಮೂಗಿನಿಂದ ತೆಳ್ಳಗೆ ಹೊಗೆ ಏಳುವುದು ಕಂಡಿತು. ಸುಟ್ಟ ವಾಸನೆ ಬಂತೇನು ಎಂದು ತಾಯಿ ಆಮೇಲೆ ಕೇಳಿದಳು. ವಾಸನೆ ಬರುವ ಹಾಗಿದ್ದರೆ ನಾನು ಅಲ್ಲಿಗೆ ಯಾಕೆ ಹೋಗುತ್ತಿದ್ದೆ?

ಎರಡು ದಿನ ಮೂಗಿನ ತುಂಬ ಅರಿವೆಯ ಪಟ್ಟಿ ತುರುಕಿಟ್ಟಿದ್ದರು. ಮುಖ ಬಾತು, ಕಣ್ಣು ಬಾತು, ನುಂಗಿದರೆ ಕಿವಿ ಮುಚ್ಚುತ್ತಿತ್ತು. ಮೂರನೆಯ ದಿನ ಡಾಕ್ಟರು ಬಂದು ಪಟ್ಟಿಯ ತುದಿ ಹಿಡಿದು ಎಳೆದರು. ಪರಕರದ ಲಾಡಿ ಎಳೆದ ಹಾಗೆ ಬರುತ್ತಲೇ ಇತ್ತು. ಅಷ್ಟು ಉದ್ದದ್ದು ಒಳಗೆ ಎಲ್ಲಿತ್ತೋ ದೇವರಿಗೇ ಗೊತ್ತು. ಅದರ ಹಿಂದೆಯೇ ಗಾಳಿ ಬಂತು. ತಣ್ಣಗಿನ ಗಾಳಿ ಹಣೆಯ ಹಿಂದಿನ ತನಕ ಹೋಯಿತು. ಲೋಹದ ಪಟ್ಟಿಯ ಮೇಲೆ ಎರಡು ಕಡೆ ಮಂಜು ಕೂತಿತು.

"ಅನ್ರಿ," ಎಂದರು ಡಾಕ್ಟರು.

"ಮಾಮಾ," ಎಂದೆ. ಹನ್ನೆರಡು ವರ್ಷದ ಮೇಲೆ ಆ ಅಕ್ಷರ ಬಂತು. ಆಗ ಅತ್ತುಬಿಟ್ಟೆ. ಸಂತೋಷಕ್ಕೆ ಎಂದು ತಾಯಿ ತಿಳಿದಳು. ನನಗೆ ಆ ಹುಡುಗಿ ನಿಂತು ನನ್ನ ಕಡೆ ತಿರುಗಿ ನೋಡಿದ್ದು ನೆನಪಾಗಿತ್ತು.

ಮನೆಗೆ ಮರಳಿದ ಮರುದಿನ ಬೆಳಿಗ್ಗೆ ಬಾಗಿಲು ತೆಗೆದೆ. ಸೀನು ಬಂತು, ಡಾಕ್ಟರು ಹೇಳಿದ ಹಾಗೆಯೇ, ಏಳೆಂಟು. ಸೀನು ನಿಂತ ಮೇಲೆ ಮೂಗಿಗೆ ಮೊದಲು ಬಂದ ವಾಸನೆ ಅವಳದು. ಎಮ್ಮೆಯ ವಾಸನೆ, ಹಸಿ ಮೇವು, ಹೊಗೆ, ಹಾಲು. ಇಡೀ ವರ್ಷ ಪಕ್ಕದಲ್ಲಿ ಕೂಡಿಸಿಕೊಂಡಿದ್ದ ಹುಡುಗಿಯನ್ನು ಆವತ್ತು ಹೊಸದಾಗಿ ಕಂಡ ಹಾಗಾಯಿತು. ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ಇದ್ದಿಲಿನ ಚೂರು ತಂದು, ನೆಲದ ಮೇಲೆ ಮ ಬರೆದೆ.

"ಇದೇನು?"

ಅವಳು ಕೊಡವನ್ನು ಹತ್ತಿರ ಎಳೆದುಕೊಂಡಳು. ಆ ಅಕ್ಷರ ಅವಳಿಗೆ ಒಮ್ಮೆ ಪೆಟ್ಟು ಕೊಟ್ಟಿತ್ತು.

"ಇದು ಬಾಲದ ಬ ಅಲ್ಲ. ಇದು ಮ. ಮನಿ ಅಂತಿಯಲ್ಲ, ಆ ಮ. ಮೂರು ಅಂತಿಯಲ್ಲ, ಆ ಮ. ನಿಂದು ಏನೂ ತಪ್ಪಿರಲಿಲ್ಲ. ನನ್ನ ಮೂಗು ಕಟ್ಟಿತ್ತು, ನಾ ತಪ್ಪು ಹೇಳಿಕೊಟ್ಟೆ."

ಅವಳು ಆ ಅಕ್ಷರದ ಮೇಲೆ ಬೆರಳು ಆಡಿಸಿದಳು. ಆಮೇಲೆ, "ಅಪ್ಪಗ ಹೇಳ್ತೀರೇನ್ರಿ?" ಎಂದಳು.

ಸಂಜೆ ಅವರ ಮನೆಗೆ ಹೋದೆ. ಅವಳ ತಂದೆ ಎಮ್ಮೆಗೆ ನೀರು ಕುಡಿಸುತ್ತಿದ್ದ. ನನ್ನನ್ನು ನೋಡಿ ಹೆಗಲ ಮೇಲಿನ ಅರಿವೆಯಿಂದ ಕೈ ಒರೆಸಿಕೊಂಡು, ಕಂಬಳಿ ಹಾಸಿ ಕೂಡಿಸಿದ. ನಾನು ಎಲ್ಲ ಹೇಳಿದೆ. ಮೂಗು, ಅಕ್ಷರ, ಆಪರೇಷನ್ ಎಲ್ಲ. ಈಗ ನನಗೆ ಮ ಬರುತ್ತದೆ, ಹುಡುಗಿ ಜಾಣೆ, ಜೂನ್ ತಿಂಗಳಿಗೆ ಕಳಿಸಿರಿ ಎಂದೆ. ಅವನು ಮುಗಿಯುವ ತನಕ ಕೇಳಿದ.

"ಮೂಗು ಕಟ್ಟಿತ್ತು, ಖರೆ," ಎಂದ. "ಆವತ್ತ ಸಾಹೇಬರು ಮಂದ ಏನು ಅಂತ ಕೇಳಿದಾಗ ಬಾಯಿ ಕಟ್ಟಿತ್ತೇನ್ರಿ?"

ಜೋರು ಮಾಡಿ ಕೇಳಲಿಲ್ಲ. ಎಮ್ಮೆಯ ಬೆನ್ನ ಮೇಲೆ ಕೈ ಇಟ್ಟುಕೊಂಡೇ ಕೇಳಿದ. ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

"ನೀವು ಹೇಳಿದ್ದು ನಾ ನಂಬತೇನ್ರಿ. ಆದರ ಪುಸ್ತಕದಾಗ ಬರದದ್ದು ಸಾಹೇಬರು. ಅವರು ಬರದದ್ದು ಅವರ ಹೊಡದ ಹಾಕಲಿ. ಮಂದ ಅನ್ನಿಸಿಕೊಂಡ ಸಾಲ್ಯಾಗ ಕುಂದ್ರಾಕ ನನ್ನ ಮಗಳ್ನ ನಾ ಕಳಸಾಂಗಿಲ್ಲ."

ಅದರ ಅರ್ಥ ನನಗೆ ಸರಿಯಾಗಿ ತಿಳಿಯಿತು. ಎರಡು ದಿನ ಸಾಹೇಬರ ಕಡೆ ಹೋಗಲಿಲ್ಲ. ಎರಡು ದಿನವೂ ಬೆಳಿಗ್ಗೆ ಅವಳು ಹಾಲು ಸುರುವಿ ಸುಮ್ಮನೆ ನನ್ನ ಮುಖ ನೋಡಿದಳು. ಮೂರನೆಯ ದಿನ ಸಾಹೇಬರ ಕಚೇರಿಗೆ ಹೋಗಿ ನಿಂತು ಎಲ್ಲ ಹೇಳಿದೆ.

ಅವರು ಮೊದಲು ನಕ್ಕರು, ಆಮೇಲೆ ನಗು ನಿಲ್ಲಿಸಿದರು. "ಅಂದ್ರ ನಿಮಗ ಆವತ್ತ ಗೊತ್ತಾಗಿತ್ತು?" ಎಂದರು. ಹೌದು ಎಂದೆ. "ಗೊತ್ತಿದ್ದೂ ಗೋಣು ಹಾಕಿದ್ರಿ?" ಹೌದು ಎಂದೆ. ಹುಡುಗಿಯನ್ನು ಮರಳಿ ಸೇರಿಸಿಕೊಳ್ಳಬೇಕು, ಹಿಂದಿನ ಷರಾ ರದ್ದು ಎಂದು ನನ್ನ ಎದುರಿಗೇ ಬರೆದರು. ಆಮೇಲೆ ಕೇಳಿದರು, "ಈಗ ನಿಮಗ ಮ ಸರಿ ಬರ್ತದ. ಮುಂದೂ ಬರ್ತದಂತ ಡಾಕ್ಟರು ಬರದು ಕೊಡ್ತಾರೇನು?"

ಸುಳ್ಳು ಹೇಳಬಹುದಿತ್ತು. ಮೂಗು ತೆರೆದಿತ್ತು, ಮಾತು ಶುದ್ಧವಾಗಿತ್ತು, ಯಾರು ನಂಬುತ್ತಿರಲಿಲ್ಲ? ಆದರೆ ಎಮ್ಮೆಯ ಬೆನ್ನ ಮೇಲಿನ ಆ ಕೈ ನೆನಪಾಯಿತು. "ಇಲ್ರಿ, ಕೊಡೂದಿಲ್ಲ. ಮತ್ತ ಕಟ್ಟಬಹುದು ಅಂದಾರ," ಎಂದೆ.

ನನ್ನನ್ನು ಒಂದನೆಯ ಇಯತ್ತೆಯಿಂದ ತೆಗೆದು ಹೊಲಿಗೆಯ ವರ್ಗಕ್ಕೆ ಹಾಕಿದರು. ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಅನ್ಯಾಯ ಎಂದು ಆಗ ತಾಯಿಯ ಮುಂದೆ ಕೂಗಾಡಿದೆ. ಇಷ್ಟು ನೋವು ತಿಂದು, ಮೂಗು ಕೊಯ್ಸಿಕೊಂಡು, ಮ ಬಂದ ಮೇಲೆ ಮ ಕಲಿಸುವುದು ಬೇಡವೆಂದರೆ ಏನರ್ಥ? ಸಾಹೇಬರನ್ನೂ ಬೈದೆ, ಹಾಲಿನವನನ್ನೂ ಬೈದೆ. ಬೈದು ಬೈದು ಸಾಕಾಗಿ ಹೊಲಿಗೆ ಕಲಿಸಲು ಹೋದೆ. ಗುಂಡಿ ಹಚ್ಚುವುದು, ಕಾಜಾ ಹೊಲಿಯುವುದು. ಅದಕ್ಕೆ ಮಾತು ಬೇಕಾಗುವುದಿಲ್ಲ.

ಹುಡುಗಿ ಜೂನ್ ತಿಂಗಳಲ್ಲಿ ಬಂದಳು. ನನ್ನ ಜಾಗಕ್ಕೆ ಬಂದ ಅಕ್ಕಾರ ವರ್ಗ ನನ್ನ ಕೋಣೆಯ ಪಕ್ಕದಲ್ಲೇ ಇತ್ತು, ನಡುವೆ ಮೇಲಿನ ತನಕ ಮುಟ್ಟದ ಒಂದು ಗೋಡೆ. ಅವಳು ಓದುವುದು ನನಗೆ ಕೇಳಿಸುತ್ತಿತ್ತು. ಮೊದಲು ಅನುಮಾನಿಸುತ್ತ, ಅಕ್ಷರಕ್ಕೊಂದು ಸಲ ನಿಲ್ಲುತ್ತ ಓದುತ್ತಿದ್ದಳು. ದಸರಾ ರಜೆಯ ಹೊತ್ತಿಗೆ ಸರಾಗವಾಯಿತು. ಅಷ್ಟು ತಿಂಗಳು ನಾನೂ ಸುಖವಾಗಿದ್ದೆ ಎನ್ನಬೇಕು. ಸೀನಿದೆ, ಆದರೆ ಉಸಿರಾಡಿದೆ. ಮಲಗಿದರೆ ನಿದ್ದೆ ಬಂತು. ಮಳೆ ಬಿದ್ದ ಎರೆ ಮಣ್ಣಿನ ವಾಸನೆ ಹಿಡಿದು ಸುಳ್ಳ ಎಂಬ ಹಳ್ಳಿಯ ಕಡೆಗೆ ಹೋಗುವ ಬಸ್ಸಿನಲ್ಲಿ ಕಾರಣವಿಲ್ಲದೆ ಒಮ್ಮೆ ಕೂತು ಹೋಗಿ ಬಂದದ್ದೂ ಉಂಟು.

ಚಳಿ ಬಿತ್ತು, ಹತ್ತಿ ಬಿಡಿಸುವ ಕಾಲ ಬಂತು. ಹೊಲಿಗೆಯ ಕೋಣೆಯಲ್ಲಿ ಹೊಸ ಅರಿವೆಯ ಧೂಳು. ಎಡಹೊಳ್ಳೆ ಮೊದಲು ಕಟ್ಟಿತು, ಸಂಕ್ರಾಂತಿಯ ಹೊತ್ತಿಗೆ ಬಲದ್ದು. ಹುಬ್ಬಳ್ಳಿಗೆ ಹೋದೆ. ಡಾಕ್ಟರು ನೋಡಿ, ಎಲುಬು ನೆಟ್ಟಗೇ ಇದೆ, ಮಾಂಸ ಮತ್ತೆ ಬಾತಿದೆ ಎಂದರು.

"ಮತ್ತೊಮ್ಮೆ ಸುಡಬಹುದು. ಆದರ ಹೆಚ್ಚು ಸುಟ್ಟರ, ಹೆಚ್ಚು ಕೊಯ್ದರ ಒಳಗ ಒಣಗಿ ಹಕ್ಕಳಿ ಕಟ್ತದ. ಆಗ ದಾರಿ ತೆರೆದಿದ್ದರೂ ಉಸಿರು ಹೋದಂಗ ಅನಸೂದಿಲ್ಲ. ನೀವ ಹೇಳ್ರಿ."

ಸಾಕು ಎಂದೆ. ಮ ಕಲಿಸಬೇಕಾದವರಿಗೆ ಮ ಬೇಕು, ಕಾಜಾ ಹೊಲಿಯುವವಳಿಗೆ ಬಾಯಿಂದ ಉಸಿರಾಡಿದರೂ ನಡೆಯುತ್ತದೆ ಎಂದು ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ.

ಮತ್ತೆ ಶಿವರಾತ್ರಿಯ ಸುಮಾರಿಗೆ ಸಾಹೇಬರು ಬಂದರು. ನಾನು ನಾಲ್ಕನೆಯ ಇಯತ್ತೆಯ ಹುಡುಗಿಯರಿಗೆ ಅಂಚು ಮಡಿಚಿ ಹೊಲಿಯುವುದನ್ನು ತೋರಿಸುತ್ತಿದ್ದೆ. ಗೋಡೆಯ ಆ ಕಡೆ ಬೆತ್ತ ಹಲಗೆಗೆ ತಾಗಿದ ಸಪ್ಪಳ ಕೇಳಿತು. "ನೀ ಏಳು. ಇದು ಯಾವ ಅಕ್ಷರ?" ಎಂದರು ಸಾಹೇಬರು.

ನನ್ನ ಕೈಯ ಸೂಜಿ ನಿಂತಿತು.

"ಮ ರೀ," ಎಂದಳು ಆ ಹುಡುಗಿ. "ಮನೆಯ ಮ."

ಗೋಡೆಯ ಈ ಕಡೆ ಕೂತು, ನನಗೆ ಗೊತ್ತಾಗದ ಹಾಗೆಯೇ, ನಾನೂ ಅವಳ ಜೊತೆ ಅಂದೆ. ನನ್ನ ಬಾಯಿಂದ ಬಂದದ್ದು ಬ.

ಎದುರಿಗಿದ್ದ ಹುಡುಗಿಯರು ತಲೆ ಎತ್ತಿದರು. "ಏನ್ರಿ ಅಕ್ಕಾರ?" ಎಂದಳು ಒಬ್ಬಳು.

"ಏದಿಲ್ಲ," ಎಂದೆ. "ಹೊಲೀರಿ."